ಕರೆಂಟ್ ಬಿಲ್ಲಿನಿಂದ ಶುರು ಮಾಡಿ: ಸಣ್ಣ ಉದ್ದಿಮೆ ಕಾರ್ಬನ್ ನ್ಯೂಟ್ರಲ್ ಆಗುವ ದಾರಿ

ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಶೀಟ್ ಕತ್ತರಿಸುತ್ತೇವೆ, ಬಗ್ಗಿಸುತ್ತೇವೆ, ವೆಲ್ಡ್ ಮಾಡಿ ಕಳಿಸುತ್ತೇವೆ. ಒಂದು ದಿನ ನಮ್ಮ ದೊಡ್ಡ ಗಿರಾಕಿ ಕಂಪನಿಯಿಂದ ಒಂದು ಎಕ್ಸೆಲ್ ಹಾಳೆ ಬಂತು. ನಿಮ್ಮ ಘಟಕದ ಕಾರ್ಬನ್ ಹೊಗೆಯ ಲೆಕ್ಕ ಕೊಡಿ, ಸ್ಕೋಪ್ 1 ಎಷ್ಟು, ಸ್ಕೋಪ್ 2 ಎಷ್ಟು, ಸ್ಕೋಪ್ 3 ಎಷ್ಟು, ಹದಿನೈದು ದಿನದಲ್ಲಿ ತುಂಬಿ ಕಳಿಸಿ ಎಂದಿತ್ತು. ಆಡಿಟರ್‌ಗೆ ಫೋನ್ ಮಾಡಿದೆ. "ಇದು ಜಿಎಸ್‌ಟಿಗೆ ಸೇರಿದ್ದಲ್ಲ ಸಾರ್" ಎಂದು ಕೈತೊಳೆದುಕೊಂಡರು.

ಈಗ ಇಂಥ ಹಾಳೆ ಅಕ್ಕಪಕ್ಕದ ಶೆಡ್‌ಗಳಿಗೂ ಬರುತ್ತಿದೆ. ವಸಂತನರಸಾಪುರದವರಿಗೆ, ನರಸಾಪುರ, ಮಾಲೂರು ಕಡೆಯವರಿಗೂ ಬರುತ್ತಿದೆ. ಷೇರುಪೇಟೆಯಲ್ಲಿರುವ ಮೊದಲ 1000 ಕಂಪನಿಗಳು 2022-23ರಿಂದ ಪರಿಸರದ ಲೆಕ್ಕವನ್ನೂ ಷೇರುಪೇಟೆ ನಿಯಂತ್ರಕ ಸೆಬಿ ಹೇಳಿದ ನಮೂನೆಯಲ್ಲಿ ಕೊಡಬೇಕು. ಅವರ ಲೆಕ್ಕದಲ್ಲಿ ನಮ್ಮಿಂದ ಕೊಳ್ಳುವ ಮಾಲೂ ಸೇರುತ್ತದೆ. ಹಾಗಾಗಿ ಪ್ರಶ್ನೆ ನಮ್ಮ ಬಾಗಿಲಿಗೆ ಬಂದಿದೆ. ಯುರೋಪಿಗೆ ಬೋಲ್ಟ್, ನಟ್ಟು, ಉಕ್ಕಿನ ಸಾಮಾನು ಕಳಿಸುವವರಿಗೆ ಇನ್ನೂ ಬಿಗಿ. ಅಲ್ಲಿನ ಗಡಿ ಕಾರ್ಬನ್ ತೆರಿಗೆ 2026ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂದಿದೆ.

ಈ ಹಾಳೆ ತೋರಿಸಿ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: "ನಾಲ್ಕು ಗಿಡ ನೆಡಿ, ಕಾರ್ಬನ್ ನ್ಯೂಟ್ರಲ್ ಅಂತ ಬೋರ್ಡ್ ಹಾಕಿ." ಅಷ್ಟು ಸುಲಭ ಅಲ್ಲ. ಹಾಗಂತ ಭಾರಿ ಕಷ್ಟವೂ ಅಲ್ಲ. ಕಾರ್ಬನ್ ನ್ಯೂಟ್ರಲ್ ಅಂದರೆ ನಮ್ಮಿಂದ ಏಳುವ ಹೊಗೆಯ ಲೆಕ್ಕವನ್ನು ಕೊನೆಗೆ ಸೊನ್ನೆಗೆ ತರುವುದು. ಮೊದಲು ಅಳೆಯಬೇಕು, ಆಮೇಲೆ ಇಳಿಸಬೇಕು, ಉಳಿದದ್ದಕ್ಕೆ ಮಾತ್ರ ದುಡ್ಡು ಕೊಟ್ಟು ಸರಿದೂಗಿಸಬೇಕು. ಈ ಸಾಲು ತಪ್ಪಿದರೆ ದುಡ್ಡು ಹೋಗುತ್ತದೆ, ಹೊಗೆ ಹಾಗೇ ಇರುತ್ತದೆ.

ಮೊದಲು ಬೇಲಿ ಹಾಕಿಕೊಳ್ಳಿ

ಯಾವ ವರ್ಷದ ಲೆಕ್ಕ, ಯಾವ ಜಾಗದ ಲೆಕ್ಕ ಎಂದು ಮೊದಲೇ ಬರೆದಿಡಿ. ಏಪ್ರಿಲ್‌ನಿಂದ ಮಾರ್ಚ್ ಒಳ್ಳೆಯದು, ಹೇಗೂ ಆಡಿಟ್‌ಗೆ ಬಿಲ್ಲುಗಳನ್ನು ಹಾಗೇ ಜೋಡಿಸಿರುತ್ತೀರಿ. ಎರಡು ಶೆಡ್ ಇದ್ದರೆ ಎರಡನ್ನೂ ಸೇರಿಸಿ. ಬಾಡಿಗೆ ಗೋಡೌನ್ ಬಿಟ್ಟು ಲೆಕ್ಕ ಹಾಕಿದರೆ ಸಂಖ್ಯೆ ಚಂದ ಕಾಣುತ್ತದೆ, ಆದರೆ ಮುಂದಿನ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ.

ಆ ಮೂರು ಸ್ಕೋಪ್‌ಗಳನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಒಂದು, ನಮ್ಮ ಅಂಗಳದಲ್ಲೇ ಏಳುವ ಹೊಗೆ: ಜನರೇಟರ್, ನಮ್ಮದೇ ಗಾಡಿ, ಗ್ಯಾಸ್ ಒಲೆ. ಎರಡು, ತಂತಿಯಲ್ಲಿ ಬಂದ ಹೊಗೆ: ನಾವು ಕೊಂಡ ಕರೆಂಟ್. ಮೂರು, ನಮಗಾಗಿ ಬೇರೆಯವರ ಅಂಗಳದಲ್ಲಿ ಎದ್ದ ಹೊಗೆ: ಉಕ್ಕು, ಬಾಡಿಗೆ ಲಾರಿ, ಪ್ಯಾಕಿಂಗ್, ಕೆಲಸಗಾರರ ಓಡಾಟ.

ಹೊಳೆಗೆ ಸುರಿದರೂ ಅಳೆದು ಸುರಿ

ಬಿಲ್ಲುಗಳನ್ನು ಹೊರಗೆ ತೆಗೆಯಿರಿ. ಬೆಸ್ಕಾಂನ ಹನ್ನೆರಡು ಬಿಲ್ಲು, ಬಂಕಿನ ಚೀಟಿಗಳು, ಗ್ಯಾಸ್ ಏಜೆನ್ಸಿಯ ರಸೀದಿ, ಎಸಿ ಮೆಕ್ಯಾನಿಕ್ ಕೊಟ್ಟ ಬಿಲ್ಲು. ರೂಪಾಯಿ ನೋಡಬೇಡಿ. ಯೂನಿಟ್, ಲೀಟರ್, ಕೆ.ಜಿ. ನೋಡಿ. ದರ ಬದಲಾಗುತ್ತದೆ, ಲೀಟರ್ ಬದಲಾಗುವುದಿಲ್ಲ. ಗಾಡಿಗೆ ಹಾಕಿದ ಡೀಸೆಲ್ ಮತ್ತು ಜನರೇಟರ್‌ಗೆ ಕ್ಯಾನಿನಲ್ಲಿ ತಂದ ಡೀಸೆಲ್ ಒಂದೇ ಚೀಟಿಯಲ್ಲಿದ್ದರೆ ಇವತ್ತಿನಿಂದಲೇ ಎರಡು ಮಾಡಿಸಿ. ನನಗೆ ಅದನ್ನು ಬಿಡಿಸಲು ಒಂದು ವಾರ ಹಿಡಿಯಿತು.

ಆಮೇಲೆ ಗುಣಾಕಾರ ಅಷ್ಟೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಪೆಟ್ರೋಲಿಗೆ ಸುಮಾರು 2.3 ಕೆ.ಜಿ. ಅಡುಗೆ ಅನಿಲ ಕೆ.ಜಿ.ಗೆ ಸುಮಾರು 3 ಕೆ.ಜಿ., ಅಂದರೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕೆ.ಜಿ. ಲೀಟರಿನ ತೂಕಕ್ಕಿಂತ ಹೊಗೆಯ ತೂಕ ಹೇಗೆ ಜಾಸ್ತಿ ಎಂದು ನಮ್ಮ ವೆಲ್ಡರ್ ಕೇಳಿದ್ದ. ಒಳ್ಳೆ ಪ್ರಶ್ನೆ. ಇಂಧನದ ಕಾರ್ಬನ್ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ, ಆ ತೂಕ ಅದು.

ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಒಂದು ಅಂಕಿ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ 0.72 ಕೆ.ಜಿ. ಆಸುಪಾಸಿನಲ್ಲಿದೆ. ಇಲ್ಲೊಂದು ಮಾತು ಹೇಳಬೇಕು. "ನಮ್ಮ ಜಿಲ್ಲೆಯಲ್ಲೇ ಪಾವಗಡದ ಸೋಲಾರ್ ಪಾರ್ಕ್ ಇದೆಯಲ್ಲ, 2050 ಮೆಗಾವ್ಯಾಟ್, ನಮಗೆ ಬರುವುದು ಅದೇ ಕರೆಂಟ್ ಅಲ್ವಾ?" ಎಂದು ಹಲವರು ಕೇಳುತ್ತಾರೆ. ಅಲ್ಲ. ಗ್ರಿಡ್ ಅಂದರೆ ದೊಡ್ಡ ಕೆರೆ ಇದ್ದ ಹಾಗೆ. ಪಾವಗಡದ ಕಾಲುವೆಯೂ ಅದಕ್ಕೇ ಬೀಳುತ್ತದೆ, ಕಲ್ಲಿದ್ದಲಿನ ಕಾಲುವೆಯೂ ಅದಕ್ಕೇ ಬೀಳುತ್ತದೆ. ನಾವು ತೂಬಿನಲ್ಲಿ ಹಿಡಿಯುವುದು ಬೆರೆತ ನೀರು. ಊರು ಹತ್ತಿರ ಇದೆ ಎಂದು ಲೆಕ್ಕ ಬದಲಾಗುವುದಿಲ್ಲ.

ನಮ್ಮಂಥ ಒಂದು ಶೆಡ್‌ನ ಲೆಕ್ಕ ದುಂಡು ಸಂಖ್ಯೆಯಲ್ಲಿ ನೋಡೋಣ. ತಿಂಗಳಿಗೆ 5,000 ಯೂನಿಟ್, ವರ್ಷಕ್ಕೆ 60,000. ಅದು 43.2 ಟನ್. ಜನರೇಟರ್‌ಗೆ ವರ್ಷಕ್ಕೆ 1,200 ಲೀಟರ್, 3.2 ಟನ್. ಮಿನಿ ಟ್ರಕ್ಕಿಗೆ 1,800 ಲೀಟರ್, 4.8 ಟನ್. ಊಟ-ಟೀಗೆ ತಿಂಗಳಿಗೆ ಎರಡು ಕಮರ್ಷಿಯಲ್ ಸಿಲಿಂಡರ್, 1.4 ಟನ್. ಇಷ್ಟೇ ಅಂದುಕೊಂಡಿದ್ದೆ.

ಎರಡು ವಿಷಯ ಮರೆತಿದ್ದೆ. ಒಂದು, ಆಫೀಸಿನ ಹಳೇ ಎಸಿ. ವರ್ಷಾ ವರ್ಷ ಬೇಸಿಗೆಗೆ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹೋಗುತ್ತಾನೆ. ತುಂಬಿಸಬೇಕಾಯಿತು ಅಂದರೆ ಹಳೇ ಗ್ಯಾಸ್ ಸೋರಿ ಗಾಳಿಗೆ ಹೋಯಿತು ಅಂತ ತಾನೇ? ಹಳೇ ಎಸಿಗಳ ಆರ್-22 ಗ್ಯಾಸ್ ಒಂದು ಕೆ.ಜಿ. ಸೋರಿದರೆ ಸುಮಾರು 1.8 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಕೋಲಾರ ಕಡೆ ತರಕಾರಿಗೆ ಕೋಲ್ಡ್ ಸ್ಟೋರೇಜ್ ನಡೆಸುವವರು ಇದನ್ನು ಎರಡು ಸಲ ಓದಿ. ನಿಮ್ಮಲ್ಲಿ ಆರ್-404ಎ ಗ್ಯಾಸ್ ಇದ್ದರೆ ಒಂದು ಕೆ.ಜಿ.ಗೆ ಸುಮಾರು 3.9 ಟನ್. ಕರೆಂಟ್ ಬಿಲ್ಲಿನ ಜೊತೆಗೆ ಗ್ಯಾಸ್ ಬಿಲ್ಲನ್ನೂ ನೋಡಬೇಕಾದವರು ನೀವು. ಅಮೋನಿಯಾ ಪ್ಲಾಂಟ್ ಇದ್ದವರಿಗೆ ಈ ತಲೆನೋವಿಲ್ಲ, ಅದಕ್ಕೆ ಬೇರೆ ಅಪಾಯಗಳಿವೆ.

ಎರಡನೆಯದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಿಗ್ ವೆಲ್ಡಿಂಗಿಗೆ ತರಿಸುವ ಸಿಲಿಂಡರಿನ ಮೇಲೇ ಕಾರ್ಬನ್ ಡೈಆಕ್ಸೈಡ್ ಎಂದು ಬರೆದಿದೆ. ಅದನ್ನೇ ಬಿಟ್ಟು ಲೆಕ್ಕ ಹಾಕಿದ್ದೆ. ತಿಂಗಳಿಗೆ 30 ಕೆ.ಜಿ.ಯ ಎರಡು ಸಿಲಿಂಡರ್ ಅಂದರೆ ವರ್ಷಕ್ಕೆ 0.7 ಟನ್. ಎಸಿಯಿಂದ ಒಂದು ಕೆ.ಜಿ. ಸೋರಿದ್ದಕ್ಕೆ 1.8 ಟನ್ನೂ ಸೇರಿಸಿ ಎಲ್ಲ ಕೂಡಿದರೆ 55 ಟನ್.

ಸೌದೆ ಉರಿಸುವವರಿಗೆ ಲೆಕ್ಕ ಬೇರೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳು, ಹೋಟೆಲಿನ ಸೌದೆ ಒಲೆ, ಮಾಲೂರಿನ ಇಟ್ಟಿಗೆ ಗೂಡು, ಎಲ್ಲಕ್ಕೂ ಒಂದೇ ನಿಯಮ. ಮರ ಬೆಳೆಯುವಾಗ ಹೀರಿದ್ದನ್ನೇ ಉರಿಯುವಾಗ ಬಿಡುತ್ತದೆ, ಆದ್ದರಿಂದ ಆ ಕಾರ್ಬನ್ ಡೈಆಕ್ಸೈಡನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಆದರೆ ಜೊತೆಗೆ ಬರುವ ಮೀಥೇನ್, ನೈಟ್ರಸ್ ಆಕ್ಸೈಡನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆಯುತ್ತಿಲ್ಲ ಅಂದರೆ "ಸೌದೆ ತಾನೇ, ಹಸಿರು" ಎನ್ನುವ ಮಾತು ನಿಲ್ಲುವುದಿಲ್ಲ.

ಉಕ್ಕಿನ ವಿಷಯ

ಇದನ್ನು ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸರಾಸರಿ ಸುಮಾರು 2.5 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ 100 ಟನ್ ಶೀಟ್ ಬಳಸುವ ಶೆಡ್‌ಗೆ ಅದೊಂದೇ 250 ಟನ್. ನಮ್ಮ ಅಂಗಳದ 55 ಟನ್ ಅದರ ಮುಂದೆ ಏನೂ ಅಲ್ಲ.

ಮೊದಲ ಸಲ ಈ ಸಂಖ್ಯೆ ನೋಡಿದಾಗ ಹಾಳೆ ಮುಚ್ಚಿಟ್ಟು ಟೀ ಕುಡಿಯಲು ಹೋದೆ. ವಾಪಸ್ ಬಂದು ನೋಡಿದಾಗ ಅದೇ ಸಂಖ್ಯೆಯಲ್ಲಿ ದಾರಿಯೂ ಕಂಡಿತು. ನೂರು ಟನ್ನಿನಲ್ಲಿ 12 ಟನ್ ತುಂಡಾಗಿ ಸ್ಕ್ರ್ಯಾಪಿಗೆ ಹೋಗುತ್ತಿದ್ದರೆ, ಶೀಟಿನ ಮೇಲೆ ಭಾಗಗಳನ್ನು ಒತ್ತೊತ್ತಾಗಿ ಜೋಡಿಸಿ ಅದನ್ನು 8 ಟನ್ನಿಗೆ ಇಳಿಸಿದರೆ ನಾಲ್ಕು ಟನ್ ಉಕ್ಕು ಕೊಳ್ಳುವುದೇ ಬೇಡ. ಹತ್ತು ಟನ್ ಕಾರ್ಬನ್ ಉಳಿಯಿತು. ಜನರೇಟರ್, ಮಿನಿ ಟ್ರಕ್ ಎರಡರದ್ದೂ ಸೇರಿದರೆ ಎಂಟು ಟನ್, ಅದಕ್ಕಿಂತ ಜಾಸ್ತಿ. ಖರ್ಚು? ಲೇಸರ್ ಕಟಿಂಗ್ ಹುಡುಗನ ಜೊತೆ ಕಂಪ್ಯೂಟರ್ ಮುಂದೆ ಕೂತ ನಾಲ್ಕು ಸಂಜೆ.

ನಿಮ್ಮ ಉದ್ಯಮದಲ್ಲಿ "ಉಕ್ಕು" ಯಾವುದು ಎಂದು ಹುಡುಕಿ. ಹೋಟೆಲಿನವರಿಗೆ ಹಾಲು, ತುಪ್ಪ, ಅಕ್ಕಿ. ಹಸುವಿನ ತೇಗಿನಲ್ಲಿ, ನೀರು ನಿಂತ ಭತ್ತದ ಗದ್ದೆಯಲ್ಲಿ ಬರುವ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹೆಚ್ಚಿಸುತ್ತದೆ. ಹಾಗಂತ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲಿನ ಬೆಣ್ಣೆ ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಮಿಕ್ಕು ಚೆಲ್ಲುವ ಹಿಟ್ಟು, ಸಾಂಬಾರ್ ಎಷ್ಟು ಎಂದು ಒಂದು ವಾರ ತೂಗಿ ನೋಡಿ. ಚೆಲ್ಲಿದ್ದು ಕಸದ ಗುಡ್ಡೆಯಲ್ಲಿ ಕೊಳೆತರೆ ಅಲ್ಲಿಯೂ ಮೀಥೇನ್.

ಇಳಿಸುವ ಕೆಲಸ: ಸದ್ದಿಲ್ಲದ ದಿನ ಕಿವಿಗೊಡಿ

ಕಂಪ್ರೆಸರ್ ಇರುವವರು ಮೊದಲು ಅದನ್ನೇ ನೋಡಿ. ಆಯುಧ ಪೂಜೆಯ ಮರುದಿನ ಶೆಡ್ ರಜೆ ಇರುತ್ತದೆ. ಅಲ್ಲಿವರೆಗೆ ಕಾಯಲು ಆಗದಿದ್ದರೆ ಯಾವುದಾದರೂ ಭಾನುವಾರ ಹೋಗಿ. ಎಲ್ಲ ಮೆಷಿನ್ ಆಫ್ ಮಾಡಿ ಕಂಪ್ರೆಸರ್ ಮಾತ್ರ ಆನ್ ಮಾಡಿ. ಸುಸ್ ಎನ್ನುವ ಸದ್ದು ಎಲ್ಲಿಂದ ಎಂದು ಕೇಳಿ. ಅನುಮಾನ ಬಂದ ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೆ.

ಎಷ್ಟು ಸೋರುತ್ತಿದೆ ಎಂದು ಅಳೆಯಲು ಗಡಿಯಾರ ಸಾಕು. ಗಾಳಿ ಯಾರೂ ಬಳಸದೇ ಇರುವಾಗ ಕಂಪ್ರೆಸರ್ ಎಷ್ಟು ಹೊತ್ತು ಲೋಡ್ ಆಗುತ್ತದೆ, ಅಂದರೆ ಗಾಳಿ ತುಂಬುತ್ತದೆ, ಎಷ್ಟು ಹೊತ್ತು ತುಂಬದೆ ಅನ್‌ಲೋಡ್ ಇರುತ್ತದೆ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ಆಗಿದ್ದರೆ ನಿಮ್ಮ ಕಂಪ್ರೆಸರಿನ ಶಕ್ತಿಯಲ್ಲಿ 30% ಸುಮ್ನೆ ಗಾಳಿಗೆ ಹೋಗುತ್ತಿದೆ. ಸರಿಯಾಗಿ ನೋಡಿಕೊಳ್ಳದ ಕಡೆ ಇಷ್ಟು ಸೋರುವುದು ಅಪರೂಪವೇನಲ್ಲ. ಹಳೇ ಪೈಪು, ಕ್ಲಾಂಪು, ಏರ್ ಗನ್ ಬದಲಿಸಿದರೆ ಬಹಳಷ್ಟು ನಿಲ್ಲುತ್ತದೆ.

ಆಮೇಲೆ ಒತ್ತಡ ನೋಡಿ. ಯಾರೋ ಯಾವತ್ತೋ 7 ಬಾರ್‌ಗೆ ಇಟ್ಟಿರುತ್ತಾರೆ. ಕೆಲಸಕ್ಕೆ 6 ಸಾಕು ಅಂದರೆ ಇಳಿಸಿ. ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ಕರೆಂಟಿನಲ್ಲಿ ಸುಮಾರು 6-7% ಉಳಿತಾಯ. ಬಿಸಿ ಶೆಡ್ಡಿನೊಳಗಿನ ಗಾಳಿ ಬದಲು ಹೊರಗಿನ ತಂಪು ಗಾಳಿ ಎಳೆಯುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಮೋಟಾರ್ ಸುಟ್ಟಾಗ ರಿವೈಂಡಿಂಗ್ ಅಂಗಡಿಗೆ ಓಡುವುದು ನಮ್ಮ ಅಭ್ಯಾಸ. ಸರಿಯಾಗಿ ಸುತ್ತದಿದ್ದರೆ ಅದೇ ಕೆಲಸಕ್ಕೆ ಅದು ಜಾಸ್ತಿ ಕರೆಂಟ್ ತಿನ್ನುತ್ತದೆ. ದಿನಪೂರ್ತಿ ಓಡುವ ಮೋಟಾರ್ ಎರಡು-ಮೂರು ಸಲ ಸುತ್ತಿಸಿಕೊಂಡಿದ್ದರೆ ಕಡಿಮೆ ಕರೆಂಟ್ ತಿನ್ನುವ ಐಇ3 ದರ್ಜೆಯ ಹೊಸದು ತನ್ನಿ. ದಿನಕ್ಕೆ ಅರ್ಧ ಗಂಟೆ ಓಡುವುದಾದರೆ ಹಳೆಯದೇ ಇರಲಿ. ಫ್ಯಾನ್ ಆದರೆ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರಿನದು: ಹಳೇದು 75 ವ್ಯಾಟ್, ಇದು 30ರ ಆಸುಪಾಸು. ಎಲ್‌ಇಡಿ ಬಗ್ಗೆ ಈಗ ಯಾರಿಗೂ ಹೇಳಬೇಕಾಗಿಲ್ಲ.

ಪವರ್ ಫ್ಯಾಕ್ಟರ್ ಸರಿಮಾಡುವ ಕೆಪಾಸಿಟರ್ ಪ್ಯಾನಲ್ ಮಾರುವವರು "ಕಾರ್ಬನ್ ಉಳಿತಾಯ" ಎಂದೂ ಹೇಳುತ್ತಾರೆ. ಹಾಕಿಸಿ, ಕರೆಂಟ್ ಬಿಲ್ಲಿನ ದಂಡ ತಪ್ಪುತ್ತದೆ. ಆದರೆ ಯೂನಿಟ್ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಕಾರ್ಬನ್ ಕೂಡ ಇಳಿಯುವುದಿಲ್ಲ.

ರೇಷ್ಮೆಯವರು ಬಾಯ್ಲರ್ ಮತ್ತು ಬಿಸಿನೀರಿನ ಪೈಪಿಗೆ ಹೊದಿಕೆ ಇದೆಯೇ ನೋಡಿ. ಹಸಿ ಸೌದೆ ಉರಿಸಿದರೆ ಶಾಖದ ಒಂದು ಪಾಲು ಸೌದೆಯ ನೀರು ಒಣಗಿಸುವುದಕ್ಕೇ ಹೋಗುತ್ತದೆ. ನೆರಳಿನಲ್ಲಿ ಜೋಡಿಸಿ ಒಣಗಿಸಿ. ಗೂಡು ಬೇಯಿಸುವ ನೀರನ್ನು ಮಾಳಿಗೆಯ ಸೋಲಾರ್ ವಾಟರ್ ಹೀಟರಿನಲ್ಲಿ ಮೊದಲೇ ಬಿಸಿ ಮಾಡಿಕೊಂಡರೆ ಸೌದೆಯ ಮೇಲಿನ ಹೊರೆ ಕಡಿಮೆಯಾಗುತ್ತದೆ.

ಇಷ್ಟರಿಂದ ನಮ್ಮ ಉದಾಹರಣೆಯ ಶೆಡ್ 60,000 ಯೂನಿಟ್‌ನಿಂದ 51,000ಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ.

ಈಗ ಸೋಲಾರ್

ಸೋಲಾರನ್ನು ಮೊದಲೇ ಹಾಕಿಸಿದವರೂ ಇದ್ದಾರೆ. ಸೋರುವ ಕಂಪ್ರೆಸರಿಗೆ ಬಿಸಿಲಿನ ಕರೆಂಟ್ ಕೊಡುವುದು ಅಂದರೆ ತೂತು ಬಿಂದಿಗೆಗೆ ಕಾವೇರಿ ನೀರು. ಮೊದಲು ತೂತು ಮುಚ್ಚಿದರೆ ಚಿಕ್ಕ ಪ್ಯಾನಲ್ಲೇ ಸಾಕು.

ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ನೆರಳಿಲ್ಲದ ಸುಮಾರು 100 ಚದರಡಿ ಬೇಕು. ಇಪ್ಪತ್ತು ಕಿಲೋವ್ಯಾಟ್ ಹಾಕಿದರೆ 28,000 ಯೂನಿಟ್. ಸಿಮೆಂಟ್ ಶೀಟಿನ ಹಳೇ ಚಾವಣಿಯಾದರೆ ಭಾರ ತಡೆಯುತ್ತದೆಯೇ ಎಂದು ಎಂಜಿನಿಯರ್ ಕೈಲಿ ಮೊದಲು ನೋಡಿಸಿ. ಗ್ರಿಡ್‌ಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಗೆ ಬೆಸ್ಕಾಂಗೆ ಅರ್ಜಿ ಹಾಕಬೇಕು. ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಕಾರ್ಖಾನೆಗೂ ಕೊಡಿಸುತ್ತೇನೆ ಎನ್ನುವ ಏಜೆಂಟನ್ನು ಅಲ್ಲಿಂದಲೇ ಕಳಿಸಿ. ಕೈಗಾರಿಕಾ ಪ್ರದೇಶದ ಧೂಳಿಗೆ ಪ್ಯಾನಲ್ ಬೇಗ ಮಂಕಾಗುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ತೊಳೆಯಿರಿ, ಮಧ್ಯಾಹ್ನದ ಕಾದ ಗಾಜಿಗೆ ತಣ್ಣೀರು ಬೇಡ.

ಲೆಕ್ಕದಲ್ಲಿ ಒಂದು ಎಚ್ಚರ. ಭಾನುವಾರ, ಹಬ್ಬ ಅಂತ ಸುಮಾರು 5,000 ಯೂನಿಟ್ ಗ್ರಿಡ್‌ಗೆ ಹೋಗುತ್ತದೆ. ಬಿಲ್ಲಿನಲ್ಲಿ ಅದು ಕಳೆಯುತ್ತದೆ. ಕಾರ್ಬನ್ ಲೆಕ್ಕದಲ್ಲಿ ನಾನು ಕಳೆಯುವುದಿಲ್ಲ, ಶೆಡ್‌ನಲ್ಲಿ ಬಳಸಿದ 23,000 ಮಾತ್ರ ಕಳೆಯುತ್ತೇನೆ. ಆಗ ಗ್ರಿಡ್‌ನಿಂದ ಕೊಂಡದ್ದು 28,000 ಯೂನಿಟ್, 20.2 ಟನ್.

ಚಾವಣಿ ಇಲ್ಲದವರು, ಬಾಡಿಗೆ ಕಟ್ಟಡದವರು ಬೆಸ್ಕಾಂನಲ್ಲಿ ಹಸಿರು ವಿದ್ಯುತ್ತಿನ ದರದ ಬಗ್ಗೆ ವಿಚಾರಿಸಿ. ಯೂನಿಟ್ಟಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಮಂಜೂರಾದ ಲೋಡ್ 100 ಕಿಲೋವ್ಯಾಟ್ ಮುಟ್ಟಿದ್ದರೆ 2022ರ ಕೇಂದ್ರದ ನಿಯಮದಂತೆ ಸೌರ, ಪವನ ವಿದ್ಯುತ್ ಉತ್ಪಾದಕರಿಂದಲೇ ಓಪನ್ ಆಕ್ಸೆಸ್‌ನಲ್ಲಿ, ಅಂದರೆ ಗ್ರಿಡ್‌ನ ತಂತಿ ಬಳಸಿ ನೇರವಾಗಿ, ಕೊಳ್ಳಲು ದಾರಿ ಇದೆ. ಮುಂಚೆ ಅದು ಒಂದು ಮೆಗಾವ್ಯಾಟ್ ಇದ್ದವರ ಆಟವಾಗಿತ್ತು.

ಊರೊಳಗಿನ ಸಾಗಣೆಗೆ ಕರೆಂಟ್ ಗಾಡಿ ತೆಗೆದುಕೊಂಡು 600 ಲೀಟರ್ ಡೀಸೆಲ್ ಉಳಿಸಿದಿರಿ ಎನ್ನೋಣ. ಚಾರ್ಜಿಂಗಿಗೆ ಸಾವಿರ ಯೂನಿಟ್ ಬಂದರೆ ಅದೂ 0.7 ಟನ್, ಅದನ್ನು ಮರೆಯಬೇಡಿ. ಜನರೇಟರ್ ಅರ್ಧಕ್ಕೆ ಇಳಿದರೆ 1.6, ಡೀಸೆಲ್ ಗಾಡಿ 3.2, ಗ್ಯಾಸ್ ಒಲೆ 1.4, ವೆಲ್ಡಿಂಗ್ 0.7. ಎಸಿಯ ಸೋರಿಕೆ ನಿಜವಾಗಿ ರಿಪೇರಿಯಾದರೆ ಸೊನ್ನೆ. ಒಟ್ಟು 28 ಟನ್. 55ರಿಂದ 28.

ಉಳಿದ 28ಕ್ಕೆ

ಗಿಡದ ಮಾತು ಇಲ್ಲಿ ಬರುತ್ತದೆ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೀರುವುದು ಒರಟು ಅಂದಾಜಿನಲ್ಲಿ 20 ಕೆ.ಜಿ. ಇಪ್ಪತ್ತೆಂಟು ಟನ್ನಿಗೆ 1,400 ಮರ ಬೇಕು, ಅದೂ ಬೆಳೆದವು, ಪ್ರತಿವರ್ಷ ಬದುಕಿರುವವು. ನಮ್ಮ ಶೆಡ್ಡಿನ ಹಿಂದೆ ಇರುವುದು ಎಂಟು ಹೊಂಗೆ. ನೆರಳಿಗೆ ಚೆನ್ನಾಗಿವೆ. ಲೆಕ್ಕಕ್ಕೆ ಸೇರಿಸಿಲ್ಲ.

ಹಾಗಾಗಿ ಕಾರ್ಬನ್ ಕ್ರೆಡಿಟ್ ಕೊಳ್ಳಬೇಕಾಗುತ್ತದೆ. ಒಂದು ಕ್ರೆಡಿಟ್ ಅಂದರೆ ಬೇರೆಲ್ಲೋ ಒಂದು ಟನ್ ಕಡಿಮೆಯಾಗಿದೆ ಅಥವಾ ಹೀರಲ್ಪಟ್ಟಿದೆ ಎಂಬ ದಾಖಲೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಬಾಗೇಪಲ್ಲಿಯಲ್ಲಿ ಕೂಲಿ ಸಂಘದ ಕುಟುಂಬಗಳಿಗೆ 5,500 ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ 2005ರಲ್ಲೇ ಇಂಥ ಕ್ರೆಡಿಟ್ ಕೊಡುವ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಲ್ಲಿ ನೋಂದಣಿಯಾಗಿತ್ತು. ಚಿಕ್ಕಬಳ್ಳಾಪುರ ಆಗ ಜಿಲ್ಲೆಯೇ ಆಗಿರಲಿಲ್ಲ. ಸೌದೆ, ಸೀಮೆಎಣ್ಣೆ ಬದಲು ಸಗಣಿ ಗ್ಯಾಸಿನಲ್ಲಿ ಅಡುಗೆಯಾದರೆ ಎಷ್ಟು ಹೊಗೆ ತಪ್ಪಿತೋ ಅಷ್ಟು ಕ್ರೆಡಿಟ್. ಆ ಹಳ್ಳಿಗಳ ಅಡುಗೆಮನೆಯ ಲೆಕ್ಕ ಅಷ್ಟು ದೂರ ಹೋಗಿತ್ತು.

ಕೊಳ್ಳುವ ಮೊದಲು ಕೇಳಬೇಕಾದದ್ದು: ಕ್ರೆಡಿಟ್‌ಗಳ ದಾಖಲೆ ಇಡುವ ರಿಜಿಸ್ಟ್ರಿ ಯಾವುದು? ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಇವು ಹೆಚ್ಚು ಚಾಲ್ತಿಯಲ್ಲಿರುವವು. ಕ್ರೆಡಿಟ್‌ಗೆ ಸೀರಿಯಲ್ ನಂಬರ್ ಇದೆಯೇ? ಯಾವ ವರ್ಷದ್ದು? ಎಲ್ಲಕ್ಕಿಂತ ಮುಖ್ಯ, ಅದನ್ನು ನಿಮ್ಮ ಹೆಸರಿನಲ್ಲಿ "ರಿಟೈರ್" ಮಾಡಿದ್ದಾರೆಯೇ? ರಿಟೈರ್ ಅಂದರೆ ಮತ್ತೆ ಯಾರಿಗೂ ಮಾರದಂತೆ ರದ್ದು ಮಾಡುವುದು. ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ನನ್ನ ಹತ್ತಿರ ಒಬ್ಬರು ಬಂದಿದ್ದರು, ಹೆಸರು ಬೇಡ. ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟು, ಫ್ರೇಮೂ ಹಾಕಿಸಿದ್ದರು. ಸೀರಿಯಲ್ ನಂಬರ್ ಕೇಳಿದೆ. "ಪೇಮೆಂಟ್ ಆದಮೇಲೆ ಕಳಿಸ್ತೀವಿ" ಎಂದರು. ಟೀ ಕುಡಿಸಿ ಕಳಿಸಿದೆ.

ನಿಮ್ಮ ಸೋಲಾರಿನ ಹಸಿರು ಹಕ್ಕನ್ನು ಸರ್ಟಿಫಿಕೇಟ್ ರೂಪದಲ್ಲಿ ಬೇರೆಯವರಿಗೆ ಮಾರಿದ್ದರೆ, ಅದೇ ಯೂನಿಟ್ಟನ್ನು ನಿಮ್ಮ ಲೆಕ್ಕದಲ್ಲೂ ತೋರಿಸಬೇಡಿ. ಒಂದೇ ಎಮ್ಮೆಯನ್ನು ಎರಡು ಸಂತೆಯಲ್ಲಿ ಮಾರಿದ ಹಾಗಾಗುತ್ತದೆ.

ಬೋರ್ಡ್ ಹಾಕುವ ಮುಂಚೆ

ಕಾರ್ಬನ್ ನ್ಯೂಟ್ರಲ್ ಎಂದು ಹೇಳಿಕೊಳ್ಳಲು 2023ರಲ್ಲಿ ಐಎಸ್‌ಒ 14068-1 ಎಂಬ ಮಾನದಂಡ ಬಂದಿದೆ. ಅದರಲ್ಲೂ ಮೊದಲು ಇಳಿಸು, ಕೊನೆಗೆ ಕ್ರೆಡಿಟ್ ಎಂಬ ಸಾಲೇ ಇದೆ. ಹೊರಗಿನವರಿಂದ ತಪಾಸಣೆ ಮಾಡಿಸಬೇಕೇ? ಗಿರಾಕಿ ಕೇಳಿದರೆ ಮಾಡಿಸಿ. ಇಲ್ಲದಿದ್ದರೆ ಹತ್ತು ಜನರ ಶೆಡ್‌ಗೆ ಅದು ಮೂಗಿಗಿಂತ ಮೂಗುತಿ ಭಾರ. ಬಿಲ್ಲು ಮತ್ತು ಲೆಕ್ಕದ ಹಾಳೆ ಫೈಲಿನಲ್ಲಿ ಇಟ್ಟಿರಿ, ಅಷ್ಟು ಸಾಕು.

ಬೋರ್ಡಿನ ವಿಷಯಕ್ಕೆ ಕಾನೂನೂ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಹೆಸರಿನ ಸುಳ್ಳು ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿದೆ. ಆಧಾರ ಇಲ್ಲದೆ ಪರಿಸರಸ್ನೇಹಿ ಎಂದೆಲ್ಲ ಬರೆಯುವಂತಿಲ್ಲ. ಆದ್ದರಿಂದ ಯಾವ ವರ್ಷ, ಯಾವ ಜಾಗ, ಎಷ್ಟು ಇಳಿಸಿದ್ದು, ಎಷ್ಟು ಕೊಂಡದ್ದು, ಏನು ಸೇರಿಲ್ಲ, ಎಲ್ಲ ಬರೆಯಿರಿ. ನಮ್ಮ ಉದಾಹರಣೆಯ ಶೆಡ್ ಬರೆಯುವುದಾದರೆ ಹೀಗೆ:

"ಈ ಶೆಡ್ಡಿನ ವಿದ್ಯುತ್, ಇಂಧನ, ಎಸಿ ಮತ್ತು ವೆಲ್ಡಿಂಗ್ ಗ್ಯಾಸಿನ ಹೊಗೆ ವರ್ಷಕ್ಕೆ 55 ಟನ್ನಿಂದ 28 ಟನ್ನಿಗೆ ಇಳಿದಿದೆ. ಉಳಿದ 28 ಟನ್ನಿಗೆ ಕಾರ್ಬನ್ ಕ್ರೆಡಿಟ್ ಕೊಂಡು ರದ್ದು ಮಾಡಿಸಿದ್ದೇವೆ. ಕೊಂಡ ಉಕ್ಕು, ಬಾಡಿಗೆ ಲಾರಿ, ಪ್ಯಾಕಿಂಗ್, ಕೆಲಸಗಾರರ ಓಡಾಟದ ಲೆಕ್ಕ ಇದರಲ್ಲಿ ಸೇರಿಲ್ಲ."

ಇದರ ಕೆಳಗೆ ವರ್ಷ, ಕ್ರೆಡಿಟ್‌ಗಳ ಸೀರಿಯಲ್ ನಂಬರ್. ಉದ್ದ ಆಯಿತು, ನಿಜ. ಅಕ್ಷರಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ನಮ್ಮ ಪೇಂಟರ್‌ಗೆ ಮಾತ್ರ ಭಾರಿ ಖುಷಿ.